ಬದುವಿನ ಗುಂಟ, ಎರಡು ಸಲ

ಫೆಬ್ರವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಶಹಾಪುರ, ನಮ್ಮ ಮನೆಯ ಪಡಸಾಲೆ. ಚಹಾ ಒಂದು ಸಲ ಆಗಿದೆ.

ಬರೆಯಲು ಕೂತ ಕಾರಣ ದೊಡ್ಡದೇನಲ್ಲ. ಒಗೆಯಲು ಹಾಕುವ ಮುಂಚೆ ಕೈಚೀಲ ಜಾಡಿಸಿದೆ. ತಳದಿಂದ ಎಣಿಸುವ ಯಂತ್ರ ಬಿತ್ತು. ಅಂಗೈಯಲ್ಲಿ ಅಡಗುವ ಸ್ಟೀಲಿನ ಯಂತ್ರ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಅಂಕಿ ಒಂದು ಮುಂದೆ ಹೋಗುತ್ತದೆ. ನಾನು ಯಾದಗಿರಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೇನೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಬಿಳಿ ಕಣಗಳನ್ನು ಎಣಿಸುವಾಗ ಇದು ಬೇಕು. ಕೆಲಸ ಮುಗಿದ ಮೇಲೆ ಸೊನ್ನೆಗೆ ತಿರುಗಿಸಿ ಇಡುವುದು ನನ್ನ ಪದ್ಧತಿ. ಇದು ಹಾಗಿರಲಿಲ್ಲ. ಅರವತ್ತೊಂದರಲ್ಲಿ ನಿಂತಿತ್ತು. ಅದು ಯಾರ ರಕ್ತದ ಲೆಕ್ಕವೂ ಅಲ್ಲ. ಒಂದು ಹಾಡಿನ ಲೆಕ್ಕ.

ಎಣಿಸುವ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಕಾಲುವೆಯ ಗೇಜು ಓದುತ್ತಿದ್ದ. ಗೇಟಿನ ಪಕ್ಕದ ಗೋಡೆಗೆ ಅಡಿ, ಇಂಚು ಬರೆದ ಪಟ್ಟಿ ಇರುತ್ತದಲ್ಲ, ನೀರು ಅದರಲ್ಲಿ ಎಲ್ಲಿಗೆ ಮುಟ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ನೀರು ಬಿಡದ ತಿಂಗಳುಗಳಲ್ಲೂ ಹೋಗಿ ನೋಡಿ ‘ಇಲ್ಲ’ ಎಂದು ಬರೆದು ಬರುತ್ತಿದ್ದ. ಇಲ್ಲದ್ದನ್ನು ಬರೆಯಲು ಅಷ್ಟು ದೂರ ಹೋಗಬೇಕೇ ಎಂದು ಅವ್ವ ಕೇಳಿದರೆ, “ಹೋಗದ ಬರದ್ರ ಅದು ಸುಳ್ಳಲ್ಲೇನ?” ಅನ್ನುತ್ತಿದ್ದ. ನನ್ನ ಡೈರಿಗಳೂ ಹಾಗೇ ತುಂಬಿವೆ. ಶಹಾಪುರದಿಂದ ಯಾದಗಿರಿಗೆ ಬಸ್ಸಿನಲ್ಲಿ ಹೋಗುವಾಗ ಎಷ್ಟು ರಸ್ತೆ ಉಬ್ಬು, ಅದರಲ್ಲಿ ಸರ್ಕಾರ ಹಾಕಿದ್ದೆಷ್ಟು, ಊರವರೇ ಹಾಕಿಕೊಂಡದ್ದೆಷ್ಟು ಎಂಬುದೂ ಅದರಲ್ಲಿದೆ. ಯಾರೂ ಕೇಳಿಲ್ಲ. ಕೇಳಿದರೆ ಇದೆ.

ಹಾಡಿನ ವಿಷಯಕ್ಕೆ ಬರುತ್ತೇನೆ. ನೀವು ಈ ಕಡೆಯವರಾಗಿದ್ದರೆ ಅದು ನಿಮಗೆ ಗೊತ್ತಿರುತ್ತದೆ. ಅಲ್ಲದಿದ್ದರೆ, ‘ಗುಂಟ’ ಅಂದರೆ ಉದ್ದಕ್ಕೂ.

ಬಂತವ್ವ ನೀರು ಬದುವಿನ ಗುಂಟ,
ಬಾಗಿಲ ತೆಗಿಯ, ಬಿಂದಿಗಿ ತಾರ.

ಕಾಲುವೆಗೆ ಮೊದಲು ನೀರು ಬಿಟ್ಟ ಕಾಲದಲ್ಲಿ ನಮ್ಮ ಕಡೆಯ ನಾಲ್ವರು ಹೆಣ್ಣುಮಕ್ಕಳು ಹೈದರಾಬಾದಿಗೆ ಹೋಗಿ ಹಾಡಿ ಬಂದದ್ದು. ಅಂಗೈಗಿಂತ ತುಸು ದೊಡ್ಡ ರೆಕಾರ್ಡು, ಒಂದು ಬದಿಗೆ ಒಂದೇ ಹಾಡು. ಹಸಿರು ಲೇಬಲಿನ ಮೇಲೆ ಹಾಡಿನ ಹೆಸರು, ಅದರ ಕೆಳಗೆ ‘ಮಹಿಳೆಯರು’ ಎಂದಷ್ಟೇ ಇದೆ. ಯಾವ ಮಹಿಳೆಯರು ಎಂದು ಬರೆಯುವ ತ್ರಾಸನ್ನು ಕಂಪನಿಯವರು ತೆಗೆದುಕೊಂಡಿಲ್ಲ. ಕಂಪನಿ ಬಹಳ ದಿನ ನಡೆಯಲೂ ಇಲ್ಲ. ಪ್ರತಿಗಳು ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಹಾಗಾಗಿ ಹಳೆಯ ರೆಕಾರ್ಡು ಕೂಡಿಡುವವರು ಅದಕ್ಕಾಗಿ ಊರೂರು ತಿರುಗುತ್ತಾರೆ.

ಈ ಎರಡು ಸಾಲು ಹಾಡಿನಲ್ಲಿ ಮೂರು ಸಲ ಬರುತ್ತವೆ. ಮೊದಲೆರಡು ಸಲ ನಾನು ಮೇಲೆ ಬರೆದ ಹಾಗೇ. ಮೂರನೆಯ ಸಲ ಮಾತ್ರ ‘ಬಂತವ್ವ ನೀರು ಬದುವಿನ ಗುಂಟ, ಬದುವಿನ ಗುಂಟ’ ಎಂದು ಎರಡೆರಡು ಸಲ. ಅರಿಷಿಣ ಹಚ್ಚುವಾಗ, ಬಸುರಿಯ ಕುಬುಸದ ಕಾರ್ಯದಲ್ಲಿ, ಕಳೆ ತೆಗೆಯುವ ಹೊಲದಲ್ಲಿ, ಎಲ್ಲಿ ಕೇಳಿದರೂ ಹೀಗೇ. ಯಾಕೆ ಎಂದು ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ.

“ಮೊದಲ ಎರಡ ಸಲ ನೀರ ಬರತದಂತ ಬರೇ ಸುದ್ದಿ,” ಅಂದಳು ಅವ್ವ. “ಮೂರನೇ ಸಲ ಖರೇ ಬಂದದ. ಅದಕ್ಕ ಎರಡ ಸಲ ಅಂತಾರ.”

ನಮ್ಮ ಕಾಲುವೆಯ ಚರಿತ್ರೆಗೆ ಅದು ಹೊಂದುತ್ತಿದ್ದರಿಂದ ನಾನು ನಂಬಿದೆ. ಬರೆದುಕೊಂಡೂ ಇದ್ದೇನೆ.

ಆ ಹಾಡನ್ನು ನಮ್ಮ ಕಡೆ ಹರಡಿದವನು ನನ್ನ ಸೋದರಮಾವ, ಸುರಪುರದ ಶರಣಪ್ಪ ಮಾಮಾ. ಅವನದು ಮೈಕ್ ಸೆಟ್ಟಿನ ಅಂಗಡಿ. ಶಹಾಪುರ, ಸುರಪುರ, ಕೊಡೇಕಲ್ ಕಡೆ ಯಾವ ಮದುವೆಯಾದರೂ ಬೇವಿನ ಮರಕ್ಕೆ ಹಾರ್ನು ಕಟ್ಟಿ ಮೊದಲು ಹಾಕುತ್ತಿದ್ದದ್ದು ಇದೇ ಹಾಡು. ಹಾರ್ನಿನ ಬಾಯಿ ಯಾವ ಊರಿನ ಕಡೆ ಇರುತ್ತದೋ ಆ ಊರಿನವರು ಮದುವೆಗೆ ಬರದಿದ್ದರೂ ಹಾಡು ಕಲಿಯುತ್ತಿದ್ದರು. ಆಯುಧ ಪೂಜೆಯ ದಿನ ಮಾಮಾ ಆಂಪ್ಲಿಫೈಯರಿಗೆ, ಹಾರ್ನಿಗೆ, ಪ್ರತಿ ರೆಕಾರ್ಡಿನ ಲೇಬಲಿಗೆ ಹೆಬ್ಬೆರಳಿನಿಂದ ಕುಂಕುಮ ಒತ್ತುತ್ತಿದ್ದ. ಈ ಹಾಡಿನ ಲೇಬಲಿನ ಮೇಲೆ ವರ್ಷ ವರ್ಷವೂ ಒತ್ತಿ ಒತ್ತಿ ಹಸಿರಿನಲ್ಲಿ ಅಷ್ಟಗಲ ಕೆಂಪು ಕೂತುಬಿಟ್ಟಿತ್ತು.

ಒಂದು ಸಲ ಪುಣೆಯ ಕಡೆಯವನು ಎಂದು ಹೇಳಿಕೊಂಡ ಒಬ್ಬ ಬಂದು, ಹಾಡನ್ನು ತನ್ನ ಮಷೀನಿನಲ್ಲಿ ತುಂಬಿಸಿಕೊಂಡು ತಿರುಗಿ ಕೊಡುತ್ತೇನೆಂದು ರೆಕಾರ್ಡು ಒಯ್ದ. ಇಪ್ಪತ್ತೆರಡು ದಿನಕ್ಕೆ ತಂದುಕೊಟ್ಟ, ಜೊತೆಗೆ ಒಂದು ಸೇರು ಚಕ್ಕುಲಿ. ಮಾಮಾ ಅವನನ್ನು ಈಗಲೂ ‘ಭಾಳ ಸಭ್ಯ ಮನಷಾ’ ಅನ್ನುತ್ತಾನೆ. ಅನ್ನುತ್ತಿದ್ದ ಎಂದು ಬರೆಯಬೇಕು.

ಅದಾದ ಮೇಲೆ ಒಂದು ಮದುವೆಯಲ್ಲಿ ಶಾಮಿಯಾನದ ಕಬ್ಬಿಣದ ಕೊಳವೆ ಬಿದ್ದು ರೆಕಾರ್ಡು ಮೂರು ತುಂಡಾಯಿತು. ವರ್ಷಗಟ್ಟಲೆ ಪೂಜೆ ಕಂಡ ವಸ್ತು, ತಿಪ್ಪೆಗೆ ಹಾಕುವಂತಿಲ್ಲ. ಮಾಮಾ ತುಂಡುಗಳನ್ನು ಹೊಸ ರವಿಕೆ ಬಟ್ಟೆಯಲ್ಲಿ ಕಟ್ಟಿ, ಎಲೆ ಅಡಿಕೆ ಇಟ್ಟು, ಅಪ್ಪನ ಗೇಟಿನ ಹತ್ತಿರ ಕಾಲುವೆಗೆ ಬಿಟ್ಟ. ಆ ದಿನದ ನೀರಿನ ಮಟ್ಟ ಅಪ್ಪನ ರಿಜಿಸ್ಟರಿನಲ್ಲಿದೆ. ರೆಕಾರ್ಡಿನ ಪ್ರಸ್ತಾಪ ಇಲ್ಲ. ಅದಕ್ಕೆ ಕಾಲಮ್ಮು ಇರಲಿಲ್ಲ.

ರೆಕಾರ್ಡು ಹೋದರೂ ಮಾಮಾನ ಕಿವಿ ಉಳಿದಿತ್ತು. ಭಾನುವಾರ ಬೆಳಿಗ್ಗೆ ಅವನ ಅಂಗಡಿಯಲ್ಲಿ ನಾಲ್ಕೈದು ಮಂದಿ ಕೂತಿರುತ್ತಿದ್ದರು. ಕಲಬುರಗಿ, ಸೋಲಾಪುರದಿಂದಲೂ ರೆಕಾರ್ಡು ತಂದು ಅಸಲಿಯೋ ನಕಲಿಯೋ ಎಂದು ಕೇಳುವವರಿದ್ದರು. ಮಾಮಾ ಹೇಳಿದರೆ ಮುಗಿಯಿತು. ಅವನು ಇದಕ್ಕೆ ಒಂದು ಚಹಾ ಬಿಟ್ಟು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮೈಕಿನ ಧಂದೆ ಮಗನ ಕೈಗೆ ಹೋದ ಮೇಲೆ ಅವನಿಗೆ ಉಳಿದದ್ದು ಈ ಒಂದು ಮಾತು.

ನಾನು ರಜೆ ಇದ್ದಾಗ ಹೋಗಿ ನೋಡಿ ಬರೆದುಕೊಳ್ಳುತ್ತಿದ್ದೆ. ಮೊದಲು ಅಂಚಿನಲ್ಲಿ ಹಿಡಿದು ಉಗುರಿನಿಂದ ತಟ್ಟುತ್ತಿದ್ದ. ಆಮೇಲೆ ನಡುವಿನ ತೂತಿನ ಸುತ್ತ ನೋಡುವುದು. ಮದುವೆಯ ಗದ್ದಲದಲ್ಲಿ ಆತುರಕ್ಕೆ ಹಾಕಿದ ರೆಕಾರ್ಡಿನ ತೂತಿಗೆ ಮಷೀನಿನ ನಡುವಿನ ಕಡ್ಡಿ ಸೀದಾ ಸಿಗುವುದಿಲ್ಲ. ಲೇಬಲಿನ ಮೇಲೆ ತಡಕಾಡಿ ಬೆಳ್ಳಿಯ ಎಳೆಯಂತಹ ಗೆರೆ ಬಿದ್ದಿರುತ್ತವೆ. ಹಳೆಯದೆಂದು ಹೇಳಿ ಆ ಗೆರೆ ಇಲ್ಲದಿದ್ದರೆ ಮಾಮಾ ಕೆಮ್ಮುತ್ತಿದ್ದ. ಹಾಡು ಮುಗಿದ ಮೇಲೆ ಲೇಬಲಿನವರೆಗೆ ಉಳಿಯುವ ನುಣುಪು ಜಾಗದಲ್ಲಿ ಕಂಪನಿಯ ನಂಬರು ಕೊರೆದಿರುತ್ತದೆ. ಅಸಲಿಯಲ್ಲಿ ಅದು ಅಚ್ಚು ಒತ್ತಿದ್ದು, ನಕಲಿಯಲ್ಲಿ ಯಾರೋ ಮೊಳೆಯಿಂದ ಗೀಚಿದ್ದು. ಲೇಬಲಿನ ಅಕ್ಷರದ ಅಂಚು ಕಲಸಿದ್ದರೆ ಅದು ಫೋಟೋ ತೆಗೆದು ಛಾಪಿಸಿದ್ದು. ಕೊನೆಗೆ ಕವರನ್ನು ಮೂಸುವುದು. ಹಳೆಯ ಕಾಗದದ ವಾಸನೆ, ಚಹಾಪುಡಿಯಲ್ಲಿ ಅದ್ದಿ ಹಳೆಯದು ಮಾಡಿದ ಕಾಗದದ ವಾಸನೆ ಬೇರೆ ಬೇರೆ. ನನಗೆ ಎರಡೂ ಮಾಮಾನ ಅಂಗಡಿಯ ವಾಸನೆಯಾಗಿಯೇ ಬರುತ್ತಿದ್ದವು. ಈ ಪರೀಕ್ಷೆಯಲ್ಲಿ ನಾನು ಇನ್ನೂ ಪಾಸಾಗಿಲ್ಲ.

ಇವು ಐದು. ಕಾಲುವೆಯ ಹಾಡಿಗೆ ಮಾತ್ರ ಆರನೆಯದಿತ್ತು. ಹಾಕಿ ಕೇಳುವುದು. ಮೂರನೆಯ ಸಲ ‘ಬದುವಿನ ಗುಂಟ’ ಎರಡು ಸಲ ಬರಬೇಕು. ಬರದಿದ್ದರೆ ನಕಲಿ.

ದೋರನಹಳ್ಳಿಯ ಬಸವಂತರಾಯ ಮಾಸ್ತರರು ಅಂಗಡಿಗೆ ಬಂದದ್ದು ಹಿಂದಿನ ವರ್ಷ ಜುಲೈ ತಿಂಗಳ ಒಂದು ಭಾನುವಾರ. ನಿವೃತ್ತರು, ಬಿಳಿ ಧೋತರ, ಬಗಲಲ್ಲಿ ಕೊಡೆ. ಟವೆಲಿನ ಒಳಗೆ ಒಂದು ಧೋತರದ ತುಂಡು, ಅದರ ಒಳಗೆ ಕವರು, ಕವರಿನ ಒಳಗೆ ರೆಕಾರ್ಡು.

“ಇದು ನಮ್ಮ ಅಕ್ಕಂದರಿ,” ಅಂದರು. “ನೀಲಮ್ಮ ಅಂತ. ಹಾಡಿದ ನಾಲ್ಕ ಮಂದ್ಯಾಗ ಆಕಿ ಒಬ್ಬಾಕಿ. ಕಂಪನಿಯವರು ಕೈಯಾಗ ಕೊಟ್ಟ ಕಳಿಸಿದ್ರು. ನಮ್ಮನ್ಯಾಗ ಮಷೀನ ಇಲ್ಲ, ಒಮ್ಮೆನೂ ಹಾಕಿಲ್ಲ. ಆಕಿಗೆ ಈಗ ಕಿವಿ ಕಮ್ಮಿ ಆಗಾಕತ್ತಾವ. ಮುಂಚೆ ಒಮ್ಮೆ ಕೇಳಸಬೇಕಂತ.”

ಮಾಮಾ ತಟ್ಟಿದ, ನೋಡಿದ, ಮೂಸಿದ. ನಂಬರು ಅಚ್ಚಿನದು. ಅಕ್ಷರದ ಅಂಚು ಚೂಪು. ತೂತಿನ ಸುತ್ತ ಗೆರೆ ಇರಲಿಲ್ಲ, ಆದರೆ ಒಮ್ಮೆಯೂ ಹಾಕಿಲ್ಲ ಎಂದ ಮೇಲೆ ಅದು ಸರಿಯೇ. ಐದಕ್ಕೆ ಐದು. ಆಮೇಲೆ ಹಾಕಿದ. ಹಾಡು ತೊಳೆದ ಹಾಗಿತ್ತು. ಮೊದಲ ಸಲ, ಎರಡನೆಯ ಸಲ, ಮೂರನೆಯ ಸಲ. ‘ಬದುವಿನ ಗುಂಟ’ ಒಂದೇ ಸಲ ಬಂದು ಸೀದಾ ‘ಬಾಗಿಲ ತೆಗಿಯ’ಕ್ಕೆ ಹೋಯಿತು.

ಅಂಗಡಿಯಲ್ಲಿ ಕೂತವರೆಲ್ಲ ಒಟ್ಟಿಗೆ ತಲೆ ಎತ್ತಿದರು. ಮೆಟ್ಟಿಲು ಎಣಿಸಿ ಇಳಿಯುವಾಗ ಒಂದು ಇಲ್ಲದಿದ್ದರೆ ಹೇಗಾಗುತ್ತದೋ ಹಾಗೆ.

“ಮಾಸ್ತರ್ರ, ಇದು ನಕಲಿ ಅದರಿ,” ಅಂದ ಮಾಮಾ. “ಕೆಲಸ ಚಲೋ ಮಾಡ್ಯಾರ. ಆದ್ರ ಹಾಡ ಕತ್ತರಿಸ್ಯಾರ ನೋಡ್ರಿ.”

“ಕಂಪನಿಯವರೇ ಕೊಟ್ಟದ್ದರಿ.”

“ಹಾಡಿದಾಕಿಗೇ ನಕಲಿ ಕೊಟ್ಟಾರಂದ್ರ,” ಎಂದ ಬಾಗಿಲ ಬಳಿ ಬೀಡಿ ಸೇದುತ್ತ ಕೂತಿದ್ದ ಒಬ್ಬ, “ಆಕಿ ಹಾಡಿದ್ದರ ಖರೇನೋ ಏನೋ.”

ಎರಡು ಮಂದಿ ನಕ್ಕರು. ಮಾಸ್ತರರು ಕವರು, ಧೋತರದ ತುಂಡು, ಟವೆಲು ಎಂದು ಅದೇ ಕ್ರಮದಲ್ಲಿ ಕಟ್ಟಿಕೊಂಡು, “ನೀವು ತಿಳದವರು,” ಎಂದು ಹೇಳಿ ಹೊರಟರು. ಚಹಾ ಕುಡಿಯಲಿಲ್ಲ. ನನ್ನ ಡೈರಿಯಲ್ಲಿ ಆ ದಿನ ಹೀಗಿದೆ: ‘ದೋರನಹಳ್ಳಿ ಮಾಸ್ತರರು. ಒಂದು. ನಕಲಿ. ಹೊಳಪು ಜಾಸ್ತಿ.’ ಹೊಳಪಿನ ಮಾತು ನನ್ನದೇ ಸಂಶೋಧನೆ.

ನವೆಂಬರಿನಲ್ಲಿ ಯಾದಗಿರಿ ಸ್ಟೇಷನ್ನಿನ ಕಡೆಯ ಗುಜರಿ ಅಂಗಡಿಯೊಂದರಲ್ಲಿ, ಹಿತ್ತಾಳೆಯ ಒಲೆಗಳ ಹಿಂದೆ, ಹಸಿರು ಲೇಬಲು ಕಂಡಿತು. ತೆಗೆದು ನೋಡಿದರೆ ಅದೇ ಹಾಡು. ಲೇಬಲಿನ ಮೇಲೆ ಅಷ್ಟಗಲ ಕುಂಕುಮ. ಮಾಮಾನಿಗೆ ಕೊಡಬೇಕೆಂದು ಕೊಂಡು, ಬರುವ ಭಾನುವಾರದವರೆಗೆ ತಡೆಯಲಾರದೆ ಆವತ್ತೇ ಸಂಜೆ ಸುರಪುರಕ್ಕೆ ಹೋದೆ.

ಮಾಮಾ ತಟ್ಟಲಿಲ್ಲ, ಮೂಸಲಿಲ್ಲ, ನಂಬರು ನೋಡಲಿಲ್ಲ. ಕುಂಕುಮ ನೋಡಿದ, ಹಾಕಿದ. ಮೂರನೆಯ ಸಲ ‘ಬದುವಿನ ಗುಂಟ, ಬದುವಿನ ಗುಂಟ’ ಎಂದು ಬಂದಾಗ ತಲೆಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಅಸಲಿ,” ಅಂದ. “ರೇಣೂ, ಇದು ನಮ್ದೇ ತಿರುಗಿ ಬಂದಂಗ ಆಗ್ಯದವ್ವ.”

ಮುಂದಿನ ಭಾನುವಾರ ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸಿದ. ದೋರನಹಳ್ಳಿಯ ಮಾಸ್ತರರ ಮಾತು ಬಂತು. “ಇದನ್ನ ಕೇಳಿದ್ರ ಅವರಿಗೇ ಗೊತ್ತಾಗತದ,” ಅಂದ ಮಾಮಾ. ನಾನೂ ಹೌದೆಂದೆ.

ನನಗೂ ಒಂದು ಇರಲಿ ಎಂದು ಮತ್ತೆ ಆ ಗುಜರಿ ಅಂಗಡಿಗೆ ಹೋದದ್ದು ತಪ್ಪಾಯಿತು. “ಇನ್ನೊಂದ ಸಿಗತದೇನ್ರಿ?” ಎಂದು ಕೇಳಿದೆ.

“ಎಷ್ಟ ಬೇಕ್ರಿ?” ಅಂದ ಅವನು.

ಅಷ್ಟಕ್ಕೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಒಂದೇ ಸಾಕು ಎಂದೆ.

ಅದಕ್ಕೂ ಕುಂಕುಮ ಇತ್ತು. ಯಾರೋ ಇನ್ನೊಬ್ಬ ಮೈಕಿನವರದು ಇರಬೇಕು, ಎಲ್ಲರೂ ಪೂಜೆ ಮಾಡುತ್ತಾರಲ್ಲ, ಎಂದುಕೊಂಡೆ. ಎರಡರಲ್ಲಿ ಯಾವುದು ಹೆಚ್ಚು ಸವೆದಿದೆ ನೋಡೋಣವೆಂದು ಮಾಮಾನಿಗೆ ಕೊಟ್ಟದ್ದನ್ನೂ ಅವನ ಮಷೀನನ್ನೂ ಎರಡು ವಾರಕ್ಕೆ ಬೇಡಿ ತಂದೆ. ಹಳೆಯ ರೆಕಾರ್ಡಿನಲ್ಲಿ ಧೂಳಿಗೂ ಗೀರಿಗೂ ‘ಟಿಕ್’ ಎಂದು ಸದ್ದು ಬರುತ್ತದೆ. ಹೆಚ್ಚು ಟಿಕ್, ಹೆಚ್ಚು ಸವೆತ. ಲ್ಯಾಬಿನಲ್ಲಿ ಹೆಚ್ಚಿಗೆ ಇದ್ದ ಎಣಿಸುವ ಯಂತ್ರ ಕೈಯಲ್ಲಿ ಹಿಡಿದು ಎಣಿಸಿದೆ. ಮೊದಲನೆಯದರಲ್ಲಿ ಅರವತ್ತೊಂದು. ಎರಡನೆಯದರಲ್ಲಿ ಅರವತ್ತೊಂದು.

ಓದುಗರಿಗೆ ಇದು ಏನೂ ಅನ್ನಿಸದಿರಬಹುದು. ಎಣಿಸುವವರಿಗೆ ಇದು ಕೆಟ್ಟ ಸುದ್ದಿ. ಒಬ್ಬನದೇ ರಕ್ತವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಣಿಸಿದರೆ ಲೆಕ್ಕ ಒಂದೇ ಬರುವುದಿಲ್ಲ. ಇಬ್ಬರದು ಒಂದೇ ಬಂದರೆ ನಮ್ಮ ಲ್ಯಾಬಿನಲ್ಲಿ ಮೊದಲು ಕೇಳುವುದು, “ಟ್ಯೂಬ್ ಅದಲು ಬದಲು ಆಗ್ಯಾವೇನು?” ಎಂದು. ಎರಡು ರೆಕಾರ್ಡು ಎರಡು ಊರಲ್ಲಿ, ಎರಡು ಸೂಜಿಗೆ ಸಿಕ್ಕು, ಬೇರೆ ಬೇರೆ ಮದುವೆಗಳ ಧೂಳು ತಿಂದು ಒಂದೇ ಲೆಕ್ಕಕ್ಕೆ ಬರಲು ಸಾಧ್ಯವಿಲ್ಲ. ಮತ್ತೆ ಎಣಿಸಿದೆ. ಹಾಡಿನ ಮಾತುಗಳನ್ನು ಕಾಗದದ ಮೇಲೆ ಬರೆದು ಯಾವ ಅಕ್ಷರದ ಮೇಲೆ ಟಿಕ್ ಬರುತ್ತದೋ ಅಲ್ಲಿ ಚುಕ್ಕಿ ಇಟ್ಟೆ. ಎರಡು ಕಾಗದ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಚುಕ್ಕಿಯ ಮೇಲೆ ಚುಕ್ಕಿ ಕೂತವು.

ಮರುದಿನ ಎರಡನ್ನೂ ಲ್ಯಾಬಿಗೆ ಒಯ್ದೆ. ಸ್ಪಿರಿಟಿನ ಹತ್ತಿಯಿಂದ ಕುಂಕುಮ ಒರೆಸಿದೆ. ಹತ್ತಿ ಬೆಳ್ಳಗೇ ಉಳಿಯಿತು. ಲೇಬಲನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಕುಂಕುಮ ಕುಂಕುಮವಾಗಿರಲಿಲ್ಲ. ಪತ್ರಿಕೆಯ ಚಿತ್ರದಲ್ಲಿ ಇರುತ್ತವಲ್ಲ, ಆ ಹಾಗೆ ಸಣ್ಣ ಸಣ್ಣ ಬಣ್ಣದ ಚುಕ್ಕಿ. ಚುಕ್ಕಿಗಳ ನಡುವೆ ಹೆಬ್ಬೆರಳಿನ ಗೆರೆ. ಗೆರೆಗಳನ್ನು ಅಡ್ಡ ಸೀಳಿ ಒಂದು ಬಿಳಿ ಪಟ್ಟಿ. ಮಾಮಾನ ಬಲ ಹೆಬ್ಬೆರಳನ್ನು ಹಾರ್ನಿನ ತಗಡು ಕೊಯ್ದದ್ದು ನಾನು ಹುಟ್ಟುವ ಮೊದಲು. ಆ ಗಾಯದ ಗೆರೆಯನ್ನು ಎಣಿಸುವುದು ಕಲಿಯುವ ಮೊದಲಿನಿಂದ ನೋಡಿದ್ದೇನೆ.

ಕೊನೆಗೆ ‘ಬದುವಿನ ಗುಂಟ’ ಎರಡು ಸಲ ಬರುವ ಜಾಗವನ್ನು ನೋಡಿದೆ. ಈ ರೆಕಾರ್ಡು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಒಂದೂ ಮೂರನೇ ಒಂದು ಸೆಕೆಂಡು. ‘ಬದುವಿನ ಗುಂಟ’ ಅನ್ನಲು ಅಷ್ಟೇ ಸಮಯ ಬೇಕು. ಅಂದರೆ ಅದು ಹಾಡಿದ್ದಲ್ಲ. ಗೀರಿಗೆ ಸಿಕ್ಕ ಸೂಜಿ ಒಂದು ಸುತ್ತು ಹಿಂದಕ್ಕೆ ಬಿದ್ದು ಅದನ್ನೇ ಇನ್ನೊಮ್ಮೆ ಓದಿದ್ದು. ಆದರೆ ನನ್ನ ಕೈಯಲ್ಲಿದ್ದ ಎರಡು ರೆಕಾರ್ಡಿನಲ್ಲೂ ಆ ಜಾಗದಲ್ಲಿ ಗೀರಿರಲಿಲ್ಲ. ಗೀರು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅದು ಇದ್ದ ರೆಕಾರ್ಡು ಮೂರು ತುಂಡಾಗಿ ಕಾಲುವೆಯಲ್ಲಿ ಹೋಗಿತ್ತು. ಅದಕ್ಕೂ ಮುಂಚೆ ಇಪ್ಪತ್ತೆರಡು ದಿನ ಪುಣೆಯವನ ಕೈಯಲ್ಲಿತ್ತು.

ನಾನು ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಹತ್ತನೆಯ ದಿನ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಹೇಳಿದೆ.

“ಸುಮ್ಮಕಿರು,” ಅಂದಳು. “ಅಣ್ಣಗ ಅದೊಂದ ಮಾತ ಉಳದದ. ಅದನ್ನೂ ಕಸ್ಕೋತೀಯೇನ?”

“ಮಾಸ್ತರ್ರ ರೆಕಾರ್ಡ ಅಸಲಿ ಇತ್ತವ್ವ.”

ಅವ್ವ ರೊಟ್ಟಿ ತಿರುವಿದಳು. “ನೀಲಮ್ಮ ಈಗ ಅರಿಷಿಣದ ಹಾಡಿಗೆ ಬರೂದೇ ಬಿಟ್ಟಾಳಂತ. ‘ನಕಲಿ ನೀಲಮ್ಮ’ ಅಂತಾರಂತ ಹುಡುಗೇರು. ನಾನೂ ನಕ್ಕಿದ್ದೆ,” ಅಂದಳು. ರೊಟ್ಟಿ ಒಂದು ಬದಿ ಕರಕಾಯಿತು. “ಹೋಗಿ ಹೇಳು. ಆದ್ರ ಮಂದಿ ಮುಂದ ಹೇಳಬ್ಯಾಡ.”

ಆ ರಾತ್ರಿ ಹಳೆಯ ಡೈರಿ ತಿರುವುವಾಗ ನಾನು ಹತ್ತನೆಯ ತರಗತಿಯಲ್ಲಿದ್ದಾಗಿನ ಒಂದು ಸಾಲು ಸಿಕ್ಕಿತು: ‘ದೋರನಹಳ್ಳಿ ಮದುವೆ. ಒಬ್ಬ ದೊಡ್ಡಮ್ಮ ಬದುವಿನ ಗುಂಟ ಒಂದೇ ಸಲ ಹಾಡಿದರು. ತಪ್ಪು. ಎಲ್ಲರೂ ತಿದ್ದಿದರು.’ ‘ತಪ್ಪು’ ಎಂಬುದರ ಕೆಳಗೆ ನಾನು ಸ್ಕೇಲಿಟ್ಟು ಗೆರೆ ಎಳೆದಿದ್ದೆ.

ಭಾನುವಾರದ ಬದಲು ಬುಧವಾರ ಸುರಪುರಕ್ಕೆ ಹೋದೆ. ಅಂಗಡಿಯಲ್ಲಿ ಮಾಮಾ ಒಬ್ಬನೇ ಇದ್ದ. ಭಾಷಣ ತಯಾರಿ ಮಾಡಿಕೊಂಡಿದ್ದೆ, ಮೂರು ಪುಟ. ತೆಗೆಯಲಿಲ್ಲ. ಮೊದಲ ರೆಕಾರ್ಡು ಹಾಕಿದೆ. ಮಾಮಾ ಕೇಳಿದ. ಎರಡನೆಯದು ಹಾಕಿದೆ. ಅರ್ಧ ಹಾಡಿಗೆ ಅವನ ಮುಖ ಬೇರೆಯಾಯಿತು.

“ಈ ಟಿಕ್ಕ ನಂದು,” ಅಂದ. “ಹುಣಸಿ ಬೀಜ ಬಿದ್ದದ್ದು. ಕೆಂಭಾವಿ ಕಡೆ ಒಂದ ಲಗ್ನದಾಗ.” ಇನ್ನೊಂದು ಟಿಕ್ ಬಂತು. “ಇದೂ ನಂದು.” ಮೂರನೆಯ ಸಲ ಬಂತು. ‘ಬದುವಿನ ಗುಂಟ, ಬದುವಿನ ಗುಂಟ.’

“ಎರಡೂ ನಮ್ವೇ?” ಎಂದು ಕೇಳಿದ.

“ಎರಡೂ ನಿನ್ವೇ, ಮಾಮಾ. ಗುಜರಿಯವನ ಹತ್ರ ಇನ್ನೂ ಅದಾವ.”

ಅವನು ಲೇಬಲಿನ ಮೇಲಿನ ಕುಂಕುಮದ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದ. ಸರಿಯಾಗಿ ಕೂತಿತು. ಆಮೇಲೆ ತಾನಾಗಿಯೇ ಹೇಳಿದ. ಮೊದಲ ವರ್ಷವೇ ಆ ಜಾಗದಲ್ಲಿ ಗೀರು ಬಿದ್ದಿತಂತೆ. ಬಿಟ್ಟರೆ ಸೂಜಿ ಅಲ್ಲೇ ತಿರುಗುತ್ತ ಇಡೀ ಊರಿಗೆ ‘ಬದುವಿನ ಗುಂಟ’ವನ್ನೇ ಕೇಳಿಸುತ್ತಿತ್ತು. ಸೂಜಿಯ ತಲೆಗೆ ಚಾರಾಣಿ, ಅಂದರೆ ನಾಲ್ಕಾಣೆ ನಾಣ್ಯವೊಂದನ್ನು ದಾರದಿಂದ ಕಟ್ಟಿದ ಮೇಲೆ ಭಾರಕ್ಕೆ ಒಂದೇ ಸಲ ಹಿಂದೆ ಬಿದ್ದು ದಾಟುತ್ತಿತ್ತು. ವರ್ಷಗಳು ಹೋದವು, ಚಾರಾಣಿ ಸೂಜಿಯ ಅಂಗವೇ ಆಯಿತು. ಊರವರು ಹಾಗೇ ಹಾಡಿದರು. ಹಾಡಿದ್ದು ಕೇಳಿ ಕೇಳಿ ಹಾಡು ಇರುವುದೇ ಹೀಗೆಂದು ಮಾಮಾನೂ ನಂಬಿದ. ಗೀರು ತನ್ನದೆಂಬುದನ್ನೇ ಮರೆತ.

“ಹಂಗಾರ ಮಾಸ್ತರ್ರದು?” ಅಂದ.

ಕೇಳಿದವನಿಗೇ ಗೊತ್ತಿತ್ತು. ಅವನು ಎದ್ದು ಮಷೀನಿನ ವೈರು ಸುತ್ತತೊಡಗಿದ. “ಅವ್ರು ಅದನ್ನ ಒಲಿಗೆ ಹಾಕಿದ್ರ ಏನ ಮಾಡೂದು?” ಎಂದು ವೈರಿಗೇ ಕೇಳಿದ.

ಮರುದಿನ ನಾನು ರಜೆ ಹಾಕಿದೆ. ಮಾಮಾ, ನಾನು, ಮಷೀನು ಬಸ್ಸಿನಲ್ಲಿ ದೋರನಹಳ್ಳಿಗೆ ಹೋದೆವು. ಮಷೀನು ಮಾಮಾನ ತೊಡೆಯ ಮೇಲೆ. ಕಂಡಕ್ಟರು, “ಮಿಕ್ಸರ ಏನ್ರಿ ಕಾಕಾ?” ಎಂದ. ಮಾಮಾ ಹೌದು ಅಂದ. ಉಬ್ಬುಗಳನ್ನು ಎಣಿಸುವುದನ್ನು ನಾನು ಆವತ್ತು ಮರೆತೆ.

ಮಾಸ್ತರರು ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದರು. ನಮ್ಮನ್ನು ನೋಡಿ ಪತ್ರಿಕೆ ಮಡಿಸಿ, “ಬರ್ರಿ ಶರಣಪ್ಪನವರ, ಕೂಡ್ರಿ,” ಅಂದರು. ಒಳಗೆ ಹೊಸ್ತಿಲ ಹತ್ತಿರ ನೀಲಮ್ಮ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಕಿವಿಯ ಕಾರಣಕ್ಕೋ ಬೇರೆ ಕಾರಣಕ್ಕೋ ತಿಳಿಯಲಿಲ್ಲ.

“ಆ ಪ್ಲೇಟ ಇನ್ನೂ ಅದರ್ಯಾ?” ಎಂದು ಮಾಮಾ ಕೇಳಿದ.

“ಅದರಿ. ಯಾಕ ಒಗೀಲಿ?”

ಮಾಸ್ತರರು ಟ್ರಂಕಿನಿಂದ ಟವೆಲು ತಂದರು. ಟವೆಲು, ಧೋತರದ ತುಂಡು, ಕವರು. ರೆಕಾರ್ಡು ಹೊಳೆಯುತ್ತಿತ್ತು. ಹಸಿರು ಲೇಬಲಿನ ಮೇಲೆ ನೀಲಿ ಶಾಯಿಯಲ್ಲಿ, ಶಾಲೆಯ ಹಲಗೆಯ ಮೇಲೆ ಬರೆದಂತಹ ದುಂಡು ಅಕ್ಷರಗಳಲ್ಲಿ, ಹೀಗಿತ್ತು: ‘ನಕಲು. ಪರೀಕ್ಷಿಸಿದವರು: ಶ್ರೀ ಶರಣಪ್ಪ, ಸುರಪುರ.’ ಕೆಳಗೆ ತಾರೀಕು, ಮಾಸ್ತರರ ಸಹಿ.

“ನನ್ನ ಹಿಂದ ಯಾರರ ಮಾರಿದ್ರ ಕೊಂಡವಗ ಮೋಸ ಆಗಬಾರದಲ್ರಿ,” ಅಂದರು ಮಾಸ್ತರರು.

ಮೂರು ತಾಲೂಕಿನಲ್ಲಿ ನನಗೆ ಗೊತ್ತಿರುವ ಒಂದೇ ಅಸಲಿ ಪ್ರತಿ ಅದು. ಅದರ ಮೇಲೆ ಅದರ ಒಡೆಯರೇ ‘ನಕಲು’ ಎಂದು ಬರೆದು ತಾರೀಕು ಹಾಕಿದ್ದರು. ತಾರೀಕು ಹಾಕುವವರನ್ನು ನಾನು ಮೊದಲಿನಿಂದ ಗೌರವಿಸುತ್ತೇನೆ. ಆವತ್ತು ಅದು ಸ್ವಲ್ಪ ಕಷ್ಟವಾಯಿತು.

ಮಾಮಾ ಟೋಪಿ ತೆಗೆದ. “ಮಾಸ್ತರ್ರ, ನಂದು ತಪ್ಪಾತ್ರಿ. ಇದು ಅಸಲಿ. ನಾ ಇಷ್ಟ ವರ್ಷ ಹಾಕಿದ್ದು ಗೀರ ಬಿದ್ದದ್ದು.” ಸ್ಪಿರಿಟಿನ ಹತ್ತಿ ನನ್ನ ಚೀಲದಲ್ಲಿತ್ತು. “ಇದನ್ನ ಒರಸಿಬಿಡೂಣು. ರೇಣೂ, ತೆಗಿ.”

“ಒರಸಬ್ಯಾಡ್ರಿ,” ಅಂದರು ಮಾಸ್ತರರು. “ಮೂವತ್ತೆರಡ ವರ್ಷ ಸಾಲಿ ಕಲಿಸೀನಿ. ಹುಡುಗರು ತಪ್ಪ ಬರದ್ರ ಒರಸಾಕ ಬಿಟ್ಟಿಲ್ಲ. ಕೆಳಗ ತಿದ್ದಿ ಬರೀಬೇಕು.” ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟರು.

ಮಾಮಾನಿಗೆ ಬರೆಯುವ ರೂಢಿ ಕಡಿಮೆ. ಹಾರ್ನಿನ ಮೇಲೆ ಬ್ರಷ್ಷಿನಿಂದ ಅಂಗಡಿಯ ಹೆಸರು ಬರೆದದ್ದೇ ಹೆಚ್ಚು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಹಸಿರಿನಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ‘ಅಸಲಿ. ಶರಣಪ್ಪ’ ಎಂದು ಬರೆದ. ಮಾಸ್ತರರು ನೋಡಿ, “ತಾರೀಕ,” ಅಂದರು. ತಾರೀಕು ಹಾಕಿದ.

ಮಷೀನು ತಂದ ಸುದ್ದಿಗೆ ಓಣಿಯ ಏಳೆಂಟು ಹೆಣ್ಣುಮಕ್ಕಳು ಅಂಗಳದಲ್ಲಿ ಸೇರಿದ್ದರು. ಮಾಸ್ತರರು ಮಷೀನನ್ನು ಹೊಸ್ತಿಲ ಹತ್ತಿರ, ಅಕ್ಕನ ಬಲಗಿವಿಯ ಕಡೆಗೆ ಇಡಿಸಿದರು. ಮಾಮಾ ಚಾರಾಣಿಯ ದಾರ ಬಿಚ್ಚಿ ನಾಣ್ಯವನ್ನು ಜೇಬಿಗೆ ಹಾಕಿಕೊಂಡ. ಸೂಜಿ ಇಳಿಸಿದ.

ನೀಲಮ್ಮನವರ ಕೈ ಬೇಳೆಯಲ್ಲೇ ಇತ್ತು. ಮೊದಲ ಸಲಕ್ಕೆ ಏನೂ ಆಗಲಿಲ್ಲ. ಎರಡನೆಯ ಸಲಕ್ಕೆ ಅಂಗಳದ ಹೆಣ್ಣುಮಕ್ಕಳು ತಮ್ಮಷ್ಟಕ್ಕೆ ಹಾಡಲು ಸೇರಿದರು. ಕೇಳಿದರೆ ಹಾಡದಿರಲಾಗದ ಹಾಡು ಅದು. ನೀಲಮ್ಮನವರ ತುಟಿಯೂ ಅಲುಗುತ್ತಿತ್ತು. ಮೂರನೆಯ ಸಲ ಬಂತು. ‘ಬಂತವ್ವ ನೀರು ಬದುವಿನ ಗುಂಟ.’ ಅಂಗಳದವರೆಲ್ಲ ಇನ್ನೊಮ್ಮೆ ‘ಬದುವಿನ ಗುಂಟ’ ಎಂದರು. ರೆಕಾರ್ಡು ಅವರನ್ನು ಬಿಟ್ಟು ಮುಂದೆ ಹೋಯಿತು. ಏಳೆಂಟು ಮಂದಿ ಒಟ್ಟಿಗೆ ತಪ್ಪಿ ನಿಂತರು. ‘ಬಾಗಿಲ ತೆಗಿಯ, ಬಿಂದಿಗಿ ತಾರ’ ಎಂಬುದು ಮಷೀನಿನಿಂದ ಬರುತ್ತಿತ್ತು, ಹೊಸ್ತಿಲಿನಿಂದಲೂ ಬರುತ್ತಿತ್ತು. ಒಂದು ದನಿ ಎಳೆಯದು, ಒಂದು ಒಡೆದದ್ದು, ಎರಡೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಂಡವು.

ಹಾಡು ಮುಗಿಯಿತು. ನೆರೆಮನೆಯ ಸೊಸೆ, ರೂಢಿಯ ಮೇಲೆ ಇರಬೇಕು, “ಎರಡ ಸಲ ಅನಬೇಕಲ್ಲ ದೊಡ್ಡವ್ವ,” ಅಂದಳು.

“ನಾ ಒಮ್ಮೆ ಹಾಡೀನಿ,” ಅಂದರು ನೀಲಮ್ಮ.

ಅವರು ಮಾಮಾನ ಕಡೆ ನೋಡಿದರು. ಮಾಮಾ ಟೋಪಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

“ಹೌದವ್ವ,” ಅಂದ. “ಎರಡನೇದ್ದು ನಂದು.”

ಮಾಸ್ತರರು ಚಹಾ ತರಿಸಿದರು. ಈ ಸಲ ಮಾಮಾ ಕುಡಿಯುವುದೋ ಬೇಡವೋ ಎಂದು ನೋಡುತ್ತಿದ್ದ. ನೀಲಮ್ಮ ಚಹಾದ ಬಸಿಯನ್ನು ಅವನ ಮುಂದೆ ಸರಿಸಿ ಮತ್ತೆ ಬೇಳೆ ಆರಿಸಲು ಕೂತರು. ನನ್ನ ಹಳೆಯ ಡೈರಿಯ ಎರಡು ಸಾಲುಗಳ ಕೆಳಗೆ ಆವತ್ತು ಸಂಜೆ ಕೆಂಪಿನಲ್ಲಿ ತಿದ್ದಿ ತಾರೀಕು ಹಾಕಿದೆ.

ಈಗ ಸಮಯ ಹತ್ತು ಗಂಟೆ ಐದು ನಿಮಿಷ. ಯಂತ್ರವನ್ನು ಸೊನ್ನೆಗೆ ತಿರುಗಿಸಿದ್ದೇನೆ, ಯಾಕೆಂದರೆ ಹೊಸ ಲೆಕ್ಕ ಶುರುವಾಗಿದೆ. ಮಾಮಾನ ಹಾರ್ನು ಎಲ್ಲೆಲ್ಲಿಗೆ ಮುಟ್ಟಿತ್ತು ಎಂದು ಒಂದು ನಕಾಶೆ ಮಾಡುತ್ತಿದ್ದೇನೆ. ನಿಮ್ಮ ಊರಿನಲ್ಲಿ ಈ ಹಾಡಿನ ಮೂರನೆಯ ಸಲ ‘ಬದುವಿನ ಗುಂಟ’ ಒಂದು ಸಲವೋ ಎರಡು ಸಲವೋ, ಊರಿನ ಹೆಸರು ಹಾಕಿ ಬರೆದು ತಿಳಿಸಬೇಕು. ಇಲ್ಲಿಯವರೆಗೆ ಎರಡು ಸಲದ ಊರು ಹದಿನೇಳು. ಒಂದು ಸಲದ ಊರು ಇಲ್ಲ, ಮನೆ ಒಂದಿದೆ. ನೀಲಮ್ಮನವರ ಜೊತೆ ಹೈದರಾಬಾದಿಗೆ ಹೋದ ಉಳಿದ ಮೂವರು ಯಾವ ಊರಿಗೆ ಸೊಸೆಯಾಗಿ ಹೋದರೆಂದು ಗೊತ್ತಿದ್ದವರೂ ಬರೆಯಬೇಕು. ಒಂದು ಸಲದ ಮನೆಗಳು ಇನ್ನೂ ಮೂರು ಇರಬೇಕು ಎಂಬುದು ನನ್ನ ಲೆಕ್ಕ. ಎಲ್ಲಾದರೂ ಆ ಜಾಗದಲ್ಲಿ ‘ಬದುವಿನ ಗುಂಟ’ವನ್ನೇ ಮೂರು ಸಲ ಹಾಡುವ ಊರಿದ್ದರೆ ಅದನ್ನು ಮೊದಲು ತಿಳಿಸಿ. ಸೂಜಿಗೆ ಚಾರಾಣಿ ಕಟ್ಟುವುದು ಮರೆತು ಹೋದ ಮದುವೆ ಯಾವುದು ಎಂದು ಮಾಮಾ ದಿನಾ ಕೇಳುತ್ತಿದ್ದಾನೆ.